ಸೊಪ್ಪು ಇದೆ, ಸೊಪ್ಪು ಬೇಕು

ಕನಕಪುರದ ಒಂದು ಕಾಲೇಜಿನವರು ತಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ಮಾತಾಡಲು ನನ್ನನ್ನು ಕರೆದಿದ್ದರು. "ಮೇಡಂ, ನಿಮ್ಮ ಪರಿಚಯ ಎರಡು ಸಾಲಲ್ಲಿ ಬರೆದು ಕಳಿಸಿ, ಫ್ಲೆಕ್ಸಿಗೆ ಹಾಕ್ಬೇಕು" ಎಂದರು. ಅಂಥ ಸಾಲು ನನ್ನ ಫೋನಿನಲ್ಲಿ ಸದಾ ಸಿದ್ಧವಾಗಿರುತ್ತದೆ: ವೆಬ್ ಡಿಸೈನರ್, ಡೆವಲಪರ್, ಸಮುದಾಯ ಸಂಘಟಕಿ. ಕಳಿಸಿದೆ. ಅವರು ತಮ್ಮ ಕಡೆಯಿಂದ 'ಬಹುಮುಖ ಪ್ರತಿಭೆ' ಎಂದು ಸೇರಿಸಿ ಅಚ್ಚು ಹಾಕಿಸಿದರು.

ಈ ಬಹುಮುಖ ಪ್ರತಿಭೆಯ ಗುಟ್ಟು ದೊಡ್ಡದೇನಲ್ಲ. ದೊಡ್ಡ ಕಂಪನಿಗಳಲ್ಲಿ ಬಣ್ಣ ಆರಿಸುವವರು ಒಬ್ಬರು, ಕೋಡ್ ಬರೆಯುವವರು ಇನ್ನೊಬ್ಬರು, ಗಿರಾಕಿಯಿಂದ ಬೈಸಿಕೊಳ್ಳುವವರು ಮತ್ತೊಬ್ಬರು. ರಾಮನಗರದಲ್ಲಿ ಆ ಮೂವರೂ ನಾನೇ. ಮಾಗಡಿಯ ಒಂದು ಕಲ್ಯಾಣ ಮಂಟಪಕ್ಕೆ ವೆಬ್‌ಸೈಟ್ ಮಾಡುವಾಗ ಫೋಟೊ ತೆಗೆದೆ, ಬರಹ ಬರೆದೆ, ಕೋಡ್ ಬರೆದೆ, ಕೊನೆಗೆ ಅವರ ಆಫೀಸಿನ ಪ್ರಿಂಟರನ್ನೂ ರಿಪೇರಿ ಮಾಡಿದೆ. ಕನಕಪುರದ ಗ್ರಾನೈಟ್ ವ್ಯಾಪಾರಿಗೆ ತನ್ನ ಕಲ್ಲು ನೀರು ಹೊಯ್ದಾಗ ಹೊಳೆಯುವ ಹಾಗೆ ಪರದೆಯ ಮೇಲೂ ಹೊಳೆಯಬೇಕಿತ್ತು. ಒಂದಿಡೀ ದಿನ ಬಿಂದಿಗೆ ಹಿಡಿದು ಕಲ್ಲಿಗೆ ನೀರು ಹೊಯ್ಯುತ್ತ ಫೋಟೊ ತೆಗೆದೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರಿಗೆ ಬುಗುರಿ ತಿರುಗಬೇಕಿತ್ತು, ತಿರುಗಿಸಿದೆ. ಕೆಲಸಕ್ಕೆ ಜನ ಇಟ್ಟುಕೊಳ್ಳುವ ಶಕ್ತಿ ಇಲ್ಲದವರಿಗೆ ಎಲ್ಲ ವಿದ್ಯೆಯೂ ತಾನಾಗಿ ಒಲಿಯುತ್ತದೆ.

ಹಾಗಾಗಿ ಮೊದಲ ಎರಡು ಪದಗಳ ಬಗ್ಗೆ ನನಗೆ ಅಳುಕಿಲ್ಲ. ಯಾರು ಕೇಳಿದರೂ ಮಾಡಿದ ಕೆಲಸ ತೋರಿಸಬಲ್ಲೆ. ಮೂರನೆಯದು ಮಾತ್ರ ನನಗೆ ನಾನೇ ಕೊಟ್ಟುಕೊಂಡದ್ದು, ಅದೂ ಅರ್ಹತೆ ಬರುವ ಮೊದಲೇ. ಅದು ಬಂದ ಬಗೆಯನ್ನು ಫ್ಲೆಕ್ಸಿನಲ್ಲಿ ಬರೆಯಲಾಗುವುದಿಲ್ಲ, ಇಲ್ಲಿ ಬರೆಯುತ್ತೇನೆ.

ನನ್ನ ಊರು ಕೈಲಾಂಚ ಹೋಬಳಿಯಲ್ಲಿದೆ. ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಾರೆ, ನಮ್ಮ ಅವ್ವನೂ ಸಾಕುತ್ತಾಳೆ. ನಾನು ಕೆಲಸಕ್ಕೆಂದು ರಾಮನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೇನೆ. ಕೆಳಗಡೆ ಗೂಡಿನಿಂದ ನೂಲು ತೆಗೆಯುವ ಒಂದು ಮುಸ್ಲಿಂ ಕುಟುಂಬ, ಮೇಲೆ ನಾನು. ಮನೆಯೊಡತಿಯನ್ನು ಆಪಾ ಎಂದು ಕರೆಯುತ್ತೇನೆ. ಗೂಡು ಬೇಯುವ ವಾಸನೆ ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಬರುತ್ತದೆ. ಬಂದ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಈಗ ಗೊತ್ತೇ ಆಗುವುದಿಲ್ಲ.

ಹುಳ ಸಾಕುವವರ ದೊಡ್ಡ ತಲೆನೋವು ಹಿಪ್ಪುನೇರಳೆ ಸೊಪ್ಪು. ಹುಳ ನಾಲ್ಕು ಸಲ ಮೇವು ಬಿಟ್ಟು ಅಲುಗಾಡದೆ ಕೂತು ಪೊರೆ ಕಳಚುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ತಿನ್ನುವುದನ್ನು ನೋಡಬೇಕು, ಮನೆಯೊಳಗೆ ಮಳೆ ಹನಿಯುವ ಹಾಗೆ ಸದ್ದು ಬರುತ್ತದೆ. ಆ ಏಳೆಂಟು ದಿನಗಳಲ್ಲಿ ತೋಟದ ಸೊಪ್ಪು ಮುಗಿದುಹೋದರೆ ಅಷ್ಟು ದಿನ ಸಾಕಿದ್ದೂ ದಂಡ. ಆಗ ಅವ್ವ ಫೋನ್ ಹಿಡಿದು ಕೂರುತ್ತಿದ್ದಳು. "ಸೊಪ್ಪು ಐತಾ? ನಿಮ್ ಕಡೆ ಯಾರ್ ತಾವಾದ್ರೂ ಐತಾ?" ಎಂದು ಮೂವತ್ತು ಮನೆಗೆ ಕೇಳಿದರೆ ಎಲ್ಲೋ ಒಂದು ಕಡೆ ಸಿಗುತ್ತಿತ್ತು.

ಇದನ್ನು ನೋಡಿ ನೋಡಿ ನನ್ನೊಳಗಿನ ಡೆವಲಪರಿಗೆ ಕೈ ತುರಿಸಿತು. ಒಂದು ಪುಟ ಮಾಡಿದೆ. ಎರಡೇ ಬಟನ್: 'ಸೊಪ್ಪು ಬೇಕು', 'ಸೊಪ್ಪು ಇದೆ'. ಒತ್ತಿ ಮನೆ, ಊರು, ಎಷ್ಟು ಗುಂಟೆ ಎಂದು ಹಾಕಿದರೆ ಎಲ್ಲರಿಗೂ ಕಾಣುತ್ತದೆ. ಅದನ್ನು ಹಿಡಿದುಕೊಂಡು ಹೋಬಳಿಯ ಒಂದೊಂದೇ ಡೈರಿಗೆ ಹೋದೆ. ಬೆಳಿಗ್ಗೆ ಹಾಲು ಹಾಕಲು ಎಲ್ಲರೂ ಬಂದೇ ಬರುತ್ತಾರೆ, ಸಭೆ ಕರೆಯುವ ಕಷ್ಟವಿಲ್ಲ. ಮೊದಲ ದಿನ ಗಂಟಲು ಸರಿಮಾಡಿಕೊಂಡು, "ನಾನು ವೆಬ್ ಡಿಸೈನರ್ ಮತ್ತು ಡೆವಲಪರ್" ಎಂದು ಶುರು ಮಾಡಿದೆ. ಕ್ಯಾನು ಹಿಡಿದು ನಿಂತಿದ್ದ ಒಬ್ಬ ಹಿರಿಯರು ಪೂರ್ತಿ ಕೇಳಿಸಿಕೊಂಡರು.

"ಅದು ಸರಿ ಕಣವ್ವ. ಯಾರ ಮಗಳು ನೀನು?"

ನಮ್ಮಪ್ಪನ ಮನೆಯ ಗುರುತು ಹೇಳಿದೆ.

"ಅಂಗ್ ಹೇಳು ಮತ್ತೆ" ಎಂದು ತಮ್ಮ ನಂಬರು ಕೊಟ್ಟರು. ಅವರ ಹಿಂದಿದ್ದವರೆಲ್ಲ ಕೊಟ್ಟರು. ಒಂದೇ ತಿಂಗಳಲ್ಲಿ ಹೋಬಳಿಯ ಅರ್ಧ ಊರುಗಳು ನನ್ನ ಪುಟದಲ್ಲಿದ್ದವು. ಆಗಲೇ ನನ್ನ ಪರಿಚಯಕ್ಕೆ 'ಸಮುದಾಯ ಸಂಘಟಕಿ' ಎಂದು ಸೇರಿಸಿಕೊಂಡೆ.

ಹುಳದ ಸಮಯ ಬಂತು. 'ಸೊಪ್ಪು ಬೇಕು' ಎಂಬ ಕಡೆ ಸಾಲುಸಾಲು ಹೆಸರು. 'ಸೊಪ್ಪು ಇದೆ' ಎಂಬ ಕಡೆ ಒಂದೂ ಇಲ್ಲ. ವಾರವಾಯಿತು, ಎರಡು ವಾರವಾಯಿತು, ಸೊನ್ನೆ. ಬಟನ್ ಕಾಣುತ್ತಿಲ್ಲವೇನೋ ಎಂದು ದೊಡ್ಡದು ಮಾಡಿದೆ. ಹಸಿರು ಬಣ್ಣ ಹಾಕಿದೆ. ಎಲೆಯ ಚಿತ್ರ ಬರೆದು ಅಂಟಿಸಿದೆ. ಆಮೇಲೆ ಜನಕ್ಕೆ ಓದಲು ಬರುವುದಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಅದೇ ಜನ ಪಕ್ಕದ ಬಟನ್ ಓದಿಕೊಂಡು ಒತ್ತುತ್ತಿದ್ದಾರಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಒಂದು ಭಾನುವಾರ ಸೋದರತ್ತೆಯ ಮನೆಗೆ ಹೋದೆ. ಅತ್ತೆ ಎಂದರೆ ನಮ್ಮಪ್ಪನ ತಂಗಿ, ನಮ್ಮೂರಿನಿಂದ ಮೂರು ಊರು ಆಚೆ ಕೊಟ್ಟಿದ್ದಾರೆ. ಹೈಸ್ಕೂಲಿನ ಮೂರು ವರ್ಷ ಅವಳ ಮನೆಯಲ್ಲೇ ಇದ್ದು ಓದಿದವಳು ನಾನು. ಸೊಪ್ಪು ಕುಯ್ದು ಬಂದ ಕೈ ತೊಳೆದುಕೊಂಡು ನನಗೆ ಎರಡು ಜಡೆ ಹಾಕಿ ಕಳಿಸುತ್ತಿದ್ದಳು. ಅತ್ತೆ ಎಂದರೆ ನನಗೆ ಪ್ರಾಣ.

ಅವತ್ತು ಅತ್ತೆಯ ತೋಟದಲ್ಲಿ ಸೊಪ್ಪು ಆಳೆತ್ತರ ನಿಂತಿತ್ತು.

"ಸೊಪ್ಪು ಹಂಗೇ ನಿಂತೈತಲ್ಲ ಅತ್ತೆ?" ಎಂದೆ.

"ಈ ಸಲ ಹುಳ ಒಸಿ ಕಮ್ಮಿ ತಂದಿದ್ವು ಕಣವ್ವ" ಎಂದು ಹೇಳಿ ಕಾಫಿ ಕಾಯಿಸಲು ಒಳಗೆ ಹೋದಳು.

ಹುಳದ ಮನೆಯ ಬಾಗಿಲು ಹಾಕಿತ್ತು. ಹೊಸಿಲಿನ ಮುಂದೆ ಹೊಸದಾಗಿ ಸುಣ್ಣದ ಪುಡಿ ಚೆಲ್ಲಿತ್ತು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ನೋಡಿಯೂ ಏನೂ ಯೋಚಿಸಲಿಲ್ಲ. ಅತ್ತೆಗೆ ಒಂದು ಉಪಕಾರವಾಗಲಿ, ನನ್ನ ಪುಟಕ್ಕೂ ಬೋಣಿಯಾಗಲಿ ಎಂದು ಜಗಲಿಯ ಮೇಲೆ ಕೂತೇ ಫೋನ್ ತೆಗೆದು, ಅವಳ ಮನೆ, ಅವಳ ಊರು, ಇಪ್ಪತ್ತು ಗುಂಟೆ ಸೊಪ್ಪು ಇದೆ ಎಂದು ಹಾಕಿದೆ. ಕೇಳಲಿಲ್ಲ. ಖುಷಿ ತಡೆಯದೆ ಆ ಪುಟವನ್ನು ಎಲ್ಲ ಊರಿನ ವಾಟ್ಸಾಪ್ ಗುಂಪುಗಳಿಗೂ ಕಳಿಸಿದೆ. ಅತ್ತೆ ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ.

ಮಾರನೆಯ ದಿನ ಬೆಳಿಗ್ಗೆ ಅತ್ತೆಯ ಫೋನ್ ಬಂತು.

"ಯಾರನ್ನ ಕೇಳಿ ಹಾಕ್ದೆ?"

"ಸೊಪ್ಪು ಸುಮ್ನೆ ಹಾಳಾಗ್ತದಲ್ಲ ಅಂತ ಅತ್ತೆ..."

"ನನ್ನ ಮನೆ ಹುಳ ಹೋದ್ವು ಅಂತ ಹೋಬಳಿಗೆಲ್ಲ ಸಾರ್ಬುಟ್ಟೆಯಲ್ಲವ್ವ."

"ಹುಳ ಹೋದ್ವು ಅಂತ ನಾನೆಲ್ಲಿ ಬರ್ದಿದ್ದೀನಿ?"

"ಹುಳ ಮೇಯೋ ಕಾಲ್ದಲ್ಲಿ ಸೊಪ್ಪು ನಿಂತೈತೆ ಅಂದ್ರೆ ಇನ್ನೇನವ್ವ ಅರ್ಥ? ಹುಳ ಇದ್ದೋರ ಮನೇಲಿ ಸೊಪ್ಪು ನಿಲ್ತದಾ?"

ಫೋನ್ ಇಟ್ಟಳು.

ಅಷ್ಟು ಸರಳ ಅದು. ಎಲ್ಲರ ಮನೆಯಲ್ಲೂ ಹುಳ ಇರುವಾಗ ಒಬ್ಬರ ತೋಟದಲ್ಲಿ ಸೊಪ್ಪು ಉಳಿದಿದೆ ಎಂದರೆ, ತಿನ್ನಬೇಕಾದ ಹುಳ ಇಲ್ಲ ಎಂದೇ ಲೆಕ್ಕ. ರೋಗ ಬಂದ ಮನೆಯ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ. ಆ ಮನೆಗೆ ಹೋಗಿ ಬಂದ ಕಾಲಲ್ಲಿ ತಮ್ಮ ಹುಳದ ಮನೆಗೂ ಕಾಲಿಡುವುದಿಲ್ಲ. ಅವ್ವ ಮೂವತ್ತು ಮನೆಗೆ ಫೋನ್ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಸೊಪ್ಪು ಇರುವವರು ಅದನ್ನು ಒಬ್ಬರ ಕಿವಿಗೆ ಮಾತ್ರ, ಮೆಲ್ಲಗೆ, 'ಈ ಸಲ ಹುಳ ಕಮ್ಮಿ ತಂದಿದ್ವು' ಎಂದು ಸೇರಿಸಿಕೊಂಡು ಹೇಳುತ್ತಿದ್ದರು. ಅತ್ತೆ ನನಗೂ ಹಾಗೆಯೇ ಹೇಳಿದ್ದಳು. ಇವೆಲ್ಲ ನನಗೆ ಗೊತ್ತಿದ್ದವೇ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಾನು ಯಾವುದೋ ಬೇರೆ ಊರಿನವಳಾಗಿದ್ದೆ.

ಅತ್ತೆಯ ಹುಳಕ್ಕೆ ಮೂರನೇ ಜ್ವರದಲ್ಲಿ ಸಪ್ಪೆ ರೋಗ ಬಂದಿತ್ತು. ಅತ್ತೆ, ಮಾವ, ಮಗ, ಸೊಸೆ ನಾಲ್ಕೇ ಜನ ಸೇರಿ ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದರು. ಯಾರಿಗೂ ಹೇಳಿರಲಿಲ್ಲ. ಅವಳು ಫೋನ್ ಇಟ್ಟ ಹತ್ತು ನಿಮಿಷದಲ್ಲಿ ನಾನು ಪುಟದಿಂದ ಅಳಿಸಿದೆ, ಆದರೆ ಅಷ್ಟರಲ್ಲಿ ಅದರ ಫೋಟೊ ಫೋನಿನಿಂದ ಫೋನಿಗೆ ಹೋಗಿಯಾಗಿತ್ತು. ಆ ಸೊಪ್ಪು ತೋಟದಲ್ಲೇ ಹಳದಿಯಾಗಿ ಉದುರಿತು. ಅತ್ತೆ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಒಂದು ನಾಮಕರಣದಲ್ಲಿ ಎದುರೆದುರೇ ಊಟಕ್ಕೆ ಕೂತರೂ ನನ್ನ ಮುಖ ನೋಡಲಿಲ್ಲ. ಅವ್ವ ಸಮಾಧಾನ ಹೇಳುವ ಜಾಯಮಾನದವಳಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಿನ್ನ ನೋಡೇ ಹೇಳಿರ್ಬೇಕು" ಎಂದಳು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು.

ಎರಡು ತಿಂಗಳಾದ ಮೇಲೆ ಅವ್ವನೇ ಫೋನ್ ಮಾಡಿದಳು. ಅತ್ತೆ ಧೈರ್ಯ ಮಾಡಿ ಮತ್ತೆ ಹುಳ ತಂದಿದ್ದಳಂತೆ. ಈ ಸಲ ಚೆನ್ನಾಗಿ ಬಂದಿವೆಯಂತೆ.

"ನಾಳಿದ್ದು ಹಣ್ಣಾಗ್ತವೆ. ಮುಯ್ಯಾಳು ಒಬ್ರೂ ಒಪ್ಪಿಲ್ಲ" ಎಂದಳು.

ಹುಳ ಹಣ್ಣಾಗುವುದೆಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾಗುವುದು. ಆ ಒಂದು ದಿನದಲ್ಲೇ ಅಷ್ಟೂ ಹುಳವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಮನೆಯವರಷ್ಟೇ ಸೇರಿ ಮುಗಿಸುವ ಕೆಲಸ ಅಲ್ಲ. ಅದಕ್ಕೇ ಮುಯ್ಯಾಳು: ಇವತ್ತು ನಮ್ಮ ಮನೆಗೆ ನೀವು ಬನ್ನಿ, ನಿಮ್ಮ ಮನೆಗೆ ನಾವು ಬರುತ್ತೇವೆ, ಕೂಲಿ ಇಲ್ಲ. ಯಾರೂ ಬರದಿದ್ದರೆ ಅತ್ತೆಗೆ ಎರಡನೇ ಬೆಳೆಯೂ ಹೋದ ಹಾಗೆ. ಅದು ನೇರವಾಗಿ ನನ್ನ ಕೈಯಿಂದ ಆದದ್ದು.

"ನೀನು ಹೋಗಲ್ವೇನವ್ವ?" ಎಂದೆ.

"ನಮ್ಮನೇಲೂ ಹುಳ ಅವೆ ಕಣೆ. ನಾನೆಂಗೆ ಹೋಗ್ಲಿ?"

ಸ್ವಂತ ನಾದಿನಿಯ ಮನೆಗೆ ಹೋಗುವುದಿಲ್ಲ ಎನ್ನುತ್ತಾಳಲ್ಲ ಎಂದು ಮೊದಲು ರೇಗಿತು. ಫೋನ್ ಇಟ್ಟ ಮೇಲೆ ಅವಳದು ತಪ್ಪೆಂದು ಹೇಳಲು ಮನಸ್ಸು ಬರಲಿಲ್ಲ. ಗಾಡಿ ತೆಗೆದುಕೊಂಡು ಅತ್ತೆಯ ಊರಿಗೆ ಹೋದೆ. ಅತ್ತೆಯ ಮನೆಗಲ್ಲ, ಅವಳಿಗೆ ಮುಯ್ಯಾಳು ಹೋಗುತ್ತಿದ್ದ ಮನೆಗಳಿಗೆ. ಎಲ್ಲರೂ ಒಳಗೆ ಕರೆದರು, ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ಒಬ್ಬರೂ ಕೆಟ್ಟ ಮಾತಾಡಲಿಲ್ಲ. ಒಬ್ಬಳು, "ನಿಮ್ಮತ್ತೆ ಮೇಲೆ ನಂಗೇನೂ ಇಲ್ಲ ಕಣವ್ವ, ನಮ್ ಹುಳ ಮೊನ್ನೆ ಜ್ವರದಿಂದ ಎದ್ದವೆ" ಎಂದಳು. ಇನ್ನೊಬ್ಬಳು ಗಂಡನನ್ನು ಕೇಳುತ್ತೇನೆ ಎಂದಳು, ಗಂಡ ಅಲ್ಲೇ ಹಿಂದೆ ನಿಂತು ಮೇಲೆ ನೋಡುತ್ತಿದ್ದ. ಏಳು ಮನೆ ತಿರುಗಿ ಬರಿಗೈಯಲ್ಲಿ ರಾಮನಗರಕ್ಕೆ ಬಂದೆ.

ಮೆಟ್ಟಿಲ ಹತ್ತಿರ ಆಪಾ ಗೂಡಿನ ಚೀಲ ಸುರಿಯುತ್ತಿದ್ದರು. "ಯಾಕಮ್ಮ, ಮುಖ ಹಿಂಗಿದೆ?" ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ, ನಾನು ಬಟನ್ ಒತ್ತಿದ್ದನ್ನೂ ಸೇರಿಸಿ. ಆಪಾ ಕೇಳಿಸಿಕೊಂಡು, ಕೈಯಲ್ಲಿದ್ದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಬುಟ್ಟಿಗೆ ಹಾಕಿದರು.

"ಮನೇಲಿ ಹುಳ ಇರೋರಿಗೆ ಭಯ. ಅದು ಸರಿ. ನಮ್ಮನೇಲಿ ಹುಳ ಎಲ್ಲಿದೆ?"

ನಾನು ಅವರ ಮುಖ ನೋಡಿದೆ. ದಿನವೂ ಅದೇ ಮನೆಯ ಮೇಲೆ ಮಲಗಿ ಏಳುತ್ತಿದ್ದರೂ ಇದು ನನಗೆ ಹೊಳೆದಿರಲಿಲ್ಲ.

"ನೀವು ಹುಳ ಮುಟ್ತೀರಾ ಆಪಾ?"

"ದಿನಾ ಬೇಯ್ಸಿ ಒಳಗಿನ ಹುಳ ತೆಗೆದು ಹಾಕೋ ಕೈ ಇದು. ಬದುಕಿರೋದನ್ನ ಮುಟ್ಟಕ್ಕೆ ಏನಮ್ಮ ಕಷ್ಟ? ನಮ್ಮ ನಾದಿನಿಯರನ್ನೂ ಕರೀತೀನಿ. ಒಂದು ದಿನ ಒಲೆ ಆರಿಸಿದ್ರೆ ಏನೂ ಆಗಲ್ಲ."

ಆಪಾ, ಅವರ ಇಬ್ಬರು ನಾದಿನಿಯರು, ನೂಲು ತೆಗೆಯಲು ಬರುವ ಬೀದಿಯ ಮೂವರು ಹೆಂಗಸರು. ಹುಳ ಹಣ್ಣಾಗುವ ದಿನ ಮೊದಲ ಬಸ್ಸಿಗೆ ಹೊರಟೆವು. ಮುಯ್ಯಾಳು ಎಂದರೇನು ಎಂದು ಬಸ್ಸಿನಲ್ಲಿ ಹೇಳುತ್ತ ಬಂದೆ. ಅತ್ತೆಯ ಮನೆ ಮುಂದೆ ಇಳಿದಾಗ ನಾನು ಬೇಕೆಂದೇ ಎಲ್ಲರ ಹಿಂದೆ ನಿಂತೆ. ಅತ್ತೆ ಹೊರಗೆ ಬಂದಳು. ನನ್ನನ್ನು ನೋಡಿಯೂ ನೋಡದವಳಂತೆ ಆಪಾ ಕಡೆ ತಿರುಗಿದಳು.

"ಯಾರವ್ವ ನೀವೆಲ್ಲ?"

"ಮುಯ್ಯಾಳು" ಎಂದರು ಆಪಾ. "ರಾಮನಗರದಲ್ಲಿ ನೂಲು ತೆಗೆಯೋರು."

ಅತ್ತೆ ಎಲ್ಲರನ್ನೂ ಎಣಿಸುವ ಹಾಗೆ ಒಮ್ಮೆ ನೋಡಿದಳು. ಆಮೇಲೆ, "ನಿಮ್ಮನೇಲಿ ಹುಳ ಇಲ್ಲ. ಮುಯ್ಯಿ ನಾನೆಂಗೆ ತೀರ್ಸ್ಲಿ?" ಎಂದಳು.

"ಅದು ಆಮೇಲೆ ನೋಡೋಣ. ಕೈಕಾಲು ಎಲ್ಲಿ ತೊಳೀಬೇಕು ಹೇಳಿ."

ಅತ್ತೆ ಬ್ಲೀಚಿಂಗ್ ನೀರಿನ ಬಕೆಟ್ ತೋರಿಸಿದಳು. ಒಬ್ಬೊಬ್ಬರೇ ತೊಳೆದುಕೊಂಡು ಸುಣ್ಣ ತುಳಿದು ಒಳಗೆ ಹೋದೆವು. ಹಣ್ಣಾದ ಹುಳ ಯಾವುದು, ಇನ್ನೂ ತಿನ್ನುವುದು ಯಾವುದು ಎಂದು ಅತ್ತೆ ತೋರಿಸಿಕೊಟ್ಟಳು: ಹಣ್ಣಾದದ್ದು ತಲೆ ಎತ್ತಿ ಆಡಿಸುತ್ತದೆ, ಮೈ ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾಗಿರುತ್ತದೆ. ಮೊದಲ ಹತ್ತು ನಿಮಿಷ ಒಬ್ಬ ನಾದಿನಿ ಕಣ್ಣು ಮುಚ್ಚಿಕೊಂಡು ಎತ್ತಿದಳು, ಆಮೇಲೆ ಎಲ್ಲರಿಗಿಂತ ಅವಳ ಕೈಯೇ ಚುರುಕಾಯಿತು. ಆಪಾ ಕೆಲಸ ಮಾಡುತ್ತಲೇ ನಿಮ್ಮ ಕಡೆ ಗೂಡು ಯಾಕೆ ಕಲೆಯಾಗಿ ಬರುತ್ತವೆ ಎಂದು ಅತ್ತೆಯನ್ನು ವಿಚಾರಿಸಿದರು. ಒತ್ತೊತ್ತಾಗಿ ಬಿಟ್ಟರೆ ಹಾಗಾಗುತ್ತದೆ ಎಂದು ಅತ್ತೆ. ಇಬ್ಬರೂ ಅಷ್ಟು ವರ್ಷ ಒಂದೇ ಕಸುಬಿನ ಎರಡು ತುದಿಯಲ್ಲಿದ್ದು ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ಇವರು ಮುದ್ದೆ ಉಣ್ಣುತ್ತಾರೋ ಇಲ್ಲವೋ ಎಂದು ಅತ್ತೆ ಅನ್ನವನ್ನೂ ಮಾಡಿಸಿದ್ದಳು, ಅದು ಹಾಗೇ ಉಳಿಯಿತು. ಹೊತ್ತು ಮುಳುಗುವ ಮೊದಲು ಅಷ್ಟೂ ಹುಳ ಚಂದ್ರಿಕೆಯಲ್ಲಿದ್ದವು. ನಾನು ಮಧ್ಯಾಹ್ನ ಊಟಕ್ಕೆ ಕೂತಿರಲಿಲ್ಲ, ಯಾವ ಮುಖ ಹೊತ್ತು ಕೂರಲಿ ಎಂದು. ಅತ್ತೆ ನನ್ನ ಹತ್ತಿರ ಬಂದು, "ಕೈ ತೊಳ್ಕಂಡು ಉಣ್ಣು" ಎಂದಳು. ಎರಡು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಳುತ್ತ ಉಂಡೆ.

ಆ ವಾರ ಪುಟದಿಂದ 'ಸೊಪ್ಪು ಇದೆ' ಬಟನ್ ತೆಗೆದುಹಾಕಿದೆ. ಈಗ ಬೇಕಾದವರಷ್ಟೇ ಹಾಕುತ್ತಾರೆ. ಇರುವವರು ಅದನ್ನು ನೋಡಿ ತಾವಾಗಿ ಫೋನ್ ಮಾಡುತ್ತಾರೆ. ಯಾರು ಕೊಟ್ಟರು ಎಂಬುದು ಎಲ್ಲೂ ಉಳಿಯುವುದಿಲ್ಲ. ನಾನು ಮಾಡಿದ ಪುಟಗಳಲ್ಲೆಲ್ಲ ಅತಿ ಸಪ್ಪೆಯಾದದ್ದು ಇದೇ, ಹೆಚ್ಚು ಜನ ಬಳಸುವುದೂ ಇದನ್ನೇ.

ಅತ್ತೆಯ ಗೂಡು ಒಳ್ಳೆಯ ಬೆಲೆಗೆ ಮಾರಾಟವಾದ ಸುದ್ದಿ ಅವ್ವನಿಂದ ತಿಳಿಯಿತು. ಅದಾಗಿ ಹತ್ತು ದಿನಕ್ಕೆ, ಬೆಳಿಗ್ಗೆ ಕೆಳಗಡೆ ಅತ್ತೆಯ ದನಿ ಕೇಳಿಸಿತು. ಇಳಿದು ಹೋದರೆ ಅಂಗಳದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾಳೆ.

"ಮುಯ್ಯಿ ತೀರ್ಸಕ್ಕೆ ಬಂದಿವ್ನಿ. ಏನ್ ಕೆಲ್ಸ ಐತೆ ಹೇಳಿ" ಎಂದು ಆಪಾಗೆ ಹೇಳುತ್ತಿದ್ದಳು.

ಆಪಾ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಅತ್ತೆಗೆ ಅವಮಾನವಾಗುತ್ತಿತ್ತು. ಗೂಡು ಆರಿಸುವ ಸಾಲಿನಲ್ಲಿ ಕೂರಿಸಿದರು. ಮದುವೆಯಾಗಿ ಬಂದಾಗಿನಿಂದ ಹುಳ ಸಾಕಿದವಳು, ಮಾರುಕಟ್ಟೆಯಿಂದ ಆಚೆ ಗೂಡು ಏನಾಗುತ್ತದೆಂದು ನೋಡಿದ್ದು ಅವತ್ತೇ. ಬಿಸಿ ನೀರಿನಿಂದ ನೂಲು ಎದ್ದು ಬರುವುದನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ಕೂತು ಗೂಡು ಆರಿಸತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಹೆಂಗಸು ಕೈಲಾಂಚ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅತ್ತೆಯನ್ನು ಆಗಿನಿಂದ ನೋಡುತ್ತಿದ್ದವಳು, "ಯಾವೂರವ್ವ ನಿಮ್ದು? ಎಲ್ಲೋ ನೋಡ್ದಂಗೈತೆ" ಎಂದಳು.

ಮಾತು ತಿರುಗಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ತನ್ನ ಊರು ಹೇಳಿದಳು.

"ಹಿಂದೊಂದ್ ಸಲ ಹುಳ ಹೋದ್ವು ಅಂತ ಫೋನಲ್ಲೆಲ್ಲ ಬಂದಿತ್ತಲ್ಲ, ಆ ಮನೆಯೋಳು ನಾನೇ" ಎಂದಳು. ಗೂಡಿನಿಂದ ಕಣ್ಣೆತ್ತದೆ ಗಲ್ಲದಿಂದ ನನ್ನ ಕಡೆ ತೋರಿಸಿದಳು. "ಹಾಕ್ದೋಳು ಇವ್ಳು. ಮುಯ್ಯಾಳು ಕರ್ಕಂಡು ಬಂದೋಳೂ ಇವ್ಳೇ. ನಮ್ಮಣ್ಣನ ಮಗಳು."

ಆ ಹೆಂಗಸು ತಲೆ ಬಗ್ಗಿಸಿ ನಾಲ್ಕೈದು ಗೂಡು ಆರಿಸಿದಳು.

"ನಮ್ಮವೂ ಹೋದ್ವು ಕಣವ್ವ, ಹೋದ ತಿಂಗ್ಳು. ಅದಕ್ಕೇ ಇಲ್ಲಿಗ್ ಬತ್ತಾ ಇವ್ನಿ. ಯಾರ್ಗೂ ಹೇಳಿಲ್ಲ" ಎಂದಳು.

"ಮತ್ತೆ ಹುಳ ತರ್ತೀಯಾ?" ಎಂದು ಅತ್ತೆ ಕೇಳಿದಳು.

"ತರ್ಬೇಕು."

"ಹಣ್ಣಾದಾಗ ಹೇಳ್ ಕಳ್ಸು. ಬತ್ತೀನಿ."

"ಆಗ ನಿಮ್ಮನೇಲೂ ಹುಳ ಇರ್ತವಲ್ಲವ್ವ."

"ಇದ್ರೂ ಬತ್ತೀನಿ" ಎಂದಳು ಅತ್ತೆ.